ಜೂನ್‌ನಲ್ಲಿ ಬಾಗಿಲಿಗೆ ಹತ್ತರಿ ಹಾಕಿಸಬೇಡಿ

ಪ್ರಶ್ನೆ: ಉಡುಪಿಯ ನಮ್ಮ ಮನೆಗೆ ‘ವಾಟರ್‌ಪ್ರೂಫ್’ ಫ್ಲಶ್ ಡೋರ್ (ಎರಡೂ ಮೈಗೆ ಪ್ಲೈವುಡ್ ಅಂಟಿಸಿದ ಸಪಾಟು ಬಾಗಿಲು) ಹಾಕಿಸಿದ್ದೆವು. ಮಳೆಗಾಲ ಬಂತೆಂದರೆ ದಾರಂದಕ್ಕೆ ಕಚ್ಚಿಕೊಳ್ಳುತ್ತದೆ. ಅಂಗಡಿಯವರು ಮೋಸ ಮಾಡಿದರೇ?

ಉತ್ತರ: ಮಳೆ ಹಿಡಿದ ಮೇಲೆ ನನಗೆ ಬರುವ ಪತ್ರಗಳಲ್ಲಿ ಅರ್ಧ ಇದೇ ದೂರು. ಮೋಸವಿದ್ದರೆ ಅದು ‘ವಾಟರ್‌ಪ್ರೂಫ್’ ಎಂಬ ಪದದಲ್ಲಿದೆ. ಅದು ಅಂಟಿನ ಗುಣ, ಮರದ್ದಲ್ಲ. ನೀರು ತಾಳಲೆಂದೇ ಮಾಡುವ ಮರೈನ್ ಪ್ಲೈವುಡ್‌ನ ಭಾರತೀಯ ಮಾನದಂಡ ಐಎಸ್ 710ರ ಪ್ರಕಾರ ತುಂಡನ್ನು 72 ಗಂಟೆ ಕುದಿಸಿ, ಪದರಗಳ ಅಂಟು ಉಳಿದಿದೆಯೇ ಎಂದು ನೋಡುತ್ತಾರೆ. ಅಷ್ಟು ಹೊತ್ತಿನಲ್ಲಿ ಮರ ಎಷ್ಟು ನೀರು ಕುಡಿಯಿತು, ಎಷ್ಟು ಉಬ್ಬಿತು ಎಂಬುದು ಆ ಪರೀಕ್ಷೆಯ ಪ್ರಶ್ನೆಯೇ ಅಲ್ಲ.

ಉಬ್ಬಲು ಮಳೆನೀರೂ ಬೇಡ, ಗಾಳಿಯೇ ಸಾಕು. ಗಾಳಿಯ ಆರ್ದ್ರತೆ ಶೇ 40 ಇರುವಾಗ ಮರದೊಳಗಿನ ತೇವ ಶೇ 7–8 ಇರುತ್ತದೆ. ಆರ್ದ್ರತೆ ಶೇ 90 ತಲುಪಿದರೆ ಸುಮಾರು ಶೇ 20. ಪ್ಲೈವುಡ್‌ನಲ್ಲಿ ಅಡ್ಡ–ಉದ್ದ ಕೂರಿಸಿದ ಪದರಗಳು ಒಂದನ್ನೊಂದು ಹಿಡಿದಿಡುತ್ತವೆ, ಅಗಲ ಹೆಚ್ಚುವುದು ತೀರ ಕಡಿಮೆ. ಆದರೆ ಫ್ಲಶ್ ಡೋರ್‌ನ ಅಂಚಿನಲ್ಲಿರುವುದು ಸಾದಾ ಮರದ ಪಟ್ಟಿ. ದಾರಂದವೂ ಮರದ್ದೇ. ಎರಡೂ ಒಂದೊಂದು ಮಿಲಿಮೀಟರ್ ಉಬ್ಬಿದರೆ ಬಡಗಿ ಬಿಟ್ಟ ಸಂದು ಮುಗಿಯಿತು.

ಒಮ್ಮೆ ಸ್ಟೂಲ್ ಹತ್ತಿ ಬಾಗಿಲಿನ ನೆತ್ತಿಯ ಮೇಲೆ ಬೆರಳಾಡಿಸಿ. ಧೂಳಿನಡಿ ಒರಟು ಬರಿಮರ ತಾಗಿತೇ? ಕಣ್ಣಿಗೆ ಕಾಣುವ ಮುಖಕ್ಕೆ ಮೂರು ಸಲ ಪಾಲಿಶ್, ಮೇಲಂಚು ಕೆಳಂಚುಗಳಿಗೆ ಒಂದು ಹನಿಯೂ ಇಲ್ಲ! ಮರ ತೇವವನ್ನು ಅತಿ ಬೇಗ ಎಳೆದುಕೊಳ್ಳುವುದು ಕೊಯ್ದ ತುದಿಯಿಂದಲೇ. ಒಂದೇ ಮೈಗೆ ಲ್ಯಾಮಿನೇಟ್ ಅಂಟಿಸಿದ್ದರಂತೂ ಬಾಗಿಲು ಹಪ್ಪಳದಂತೆ ಸೊಟ್ಟಗಾಗುತ್ತದೆ.

ಈಗ ಹತ್ತರಿ ಹಾಕಿಸಿ ಅಂಚು ಕೆತ್ತಿಸಿದರೆ ಫೆಬ್ರುವರಿಯಲ್ಲಿ ಅಲ್ಲಿ ಹಲ್ಲಿ ನುಸುಳುವಷ್ಟು ಕಿಂಡಿ. ಕೆತ್ತಿದ ಅಂಚು ಮುಂದಿನ ಮಳೆಗೆ ಇನ್ನಷ್ಟು ಕುಡಿಯುತ್ತದೆ. ಬೇಸಿಗೆಯಲ್ಲಿ ಬಾಗಿಲು ಬಿಚ್ಚಿಸಿ, ಆರೂ ಮೈಗೆ ಪಾಲಿಯುರಿಥೇನ್ ವಾರ್ನಿಷ್ ಹೊಡೆಸಿ, ಸುತ್ತ 3 ಮಿ.ಮೀ. ಸಂದು ಬಿಡಿಸಿ. ಅದೂ ತೇವವನ್ನು ನಿಧಾನ ಮಾಡೀತೇ ಹೊರತು ತಡೆಯದು. ನಾನು ನಮ್ಮ ಮನೆಯಲ್ಲಿ 4 ಬಿಟ್ಟಿದ್ದೇನೆ. ಚೆಂದವಿಲ್ಲ ಎಂಬ ಮನೆಯವರ ದೂರು ಇನ್ನೂ ನಿಂತಿಲ್ಲ.

ಪ್ರಶ್ನೆ: ಹಳೆಯ ಎಂಜಿನ್ ಆಯಿಲ್ ಬಳಿದರೆ ಪ್ಲೈವುಡ್ ಉಬ್ಬುವುದಿಲ್ಲವಂತೆ?

ಉತ್ತರ: ಉಬ್ಬುತ್ತದೆ, ನಾರುತ್ತದೆ, ಮುಂದೆ ಬಣ್ಣವೂ ಹಿಡಿಯುವುದಿಲ್ಲ. ಹೇಳಿದವರ ಮನೆಯ ಬಾಗಿಲಿಗೆ ಮೊದಲು ಬಳಿಯಲಿ.

ಪ್ರಶ್ನೆ: ಪಡುವಣ ಮುಖದ ಬಾಗಿಲಿಗೆ ಡಬ್ಲ್ಯುಪಿಸಿ (ಮರದ ಪುಡಿ–ಪ್ಲಾಸ್ಟಿಕ್ ಬೆರೆಸಿದ ಹಲಗೆ) ಆದೀತೇ?

ಉತ್ತರ: ನೀರಿಗೆ ಜಗ್ಗದು, ಬಿಸಿಲಿಗೆ ಹಿಗ್ಗುತ್ತದೆ. ಬಿಸಿ 30 ಡಿಗ್ರಿ ಏರಿದರೆ 2 ಮೀಟರ್ ಎತ್ತರದ ಬಾಗಿಲು ಎರಡು–ಮೂರು ಮಿ.ಮೀ. ಬೆಳೆದೀತು. ಕಡುಬಣ್ಣ ಬೇಡ.

ಪ್ರಶ್ನೆ: ಸಿಂಕ್ ಕೆಳಗಿನ ಕಪಾಟಿಗೆ ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ)?

ಉತ್ತರ: ಬೇಡ.