ಟೋಪಿ ತಲೆಗಿಂತ ಚಿಕ್ಕದಾಗಿರಬೇಕು

ಚಳಿ ಶುರುವಾಯಿತು ಅಂದರೆ ಉಲ್ಲನ್ ಟೋಪಿಯ ಪ್ರಶ್ನೆಗಳೂ ಶುರು. ಪ್ರತಿ ವರ್ಷ ಅದೇ ನಾಲ್ಕೈದು. ಈ ಸಲ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ಕಡ್ಡಿಗೆ ಕುಣಿಕೆ ಏರಿಸುವುದು, ಸೀದಾ-ಉಲ್ಟಾ ಹೆಣೆಯುವುದು ನಿಮಗೆ ಬರುತ್ತೆ ಅಂದುಕೊಂಡೇ ಬರೆದಿದ್ದೇನೆ. ಬರದಿದ್ದರೆ ಬಲ್ಲವರ ಪಕ್ಕ ಕೂತು ಕಲಿಯಿರಿ. ಅದು ಓದಿ ಬರುವ ಕೆಲಸ ಅಲ್ಲ.

ಪ್ರಶ್ನೆ: ಮಗ ಕೆನಡಾದಲ್ಲಿ ಓದುತ್ತಿದ್ದಾನೆ. ಅವನ ತಲೆಯ ಸುತ್ತಳತೆ 57 ಸೆಂ.ಮೀ. ಉಲ್ಲನ್ ಲೇಬಲ್ ಮೇಲೆ 10 ಸೆಂ.ಮೀಗೆ 20 ಕುಣಿಕೆ ಅಂತ ಇತ್ತು. ಲೆಕ್ಕ ಹಾಕಿ 116 ಕುಣಿಕೆ ಏರಿಸಿ ಹೆಣೆದೆ. ಒಗೆದ ಮೇಲೆ ಟೋಪಿ ಕಣ್ಣಿನ ಮೇಲೆ ಜಾರುತ್ತೆ ಅಂತಾನೆ. ಎಲ್ಲಿ ತಪ್ಪಾಯಿತು?

ಎರಡು ಕಡೆ ತಪ್ಪಾಗಿದೆ ಅಮ್ಮಾ. ಲೇಬಲ್ ನಂಬಿದ್ದು ಒಂದು. ತಲೆಯಷ್ಟೇ ಅಗಲದ ಟೋಪಿ ಹೆಣೆದಿದ್ದು ಇನ್ನೊಂದು.

ಲೇಬಲ್ ಮೇಲಿನ ಲೆಕ್ಕ ಆ ಕಂಪನಿಯವರ ಕೈಯದ್ದು, ನಿಮ್ಮ ಕೈಯದ್ದಲ್ಲ. ಒಬ್ಬೊಬ್ಬರು ನೂಲನ್ನು ಒಂದೊಂದು ಬಿಗಿಯಲ್ಲಿ ಹಿಡಿಯುತ್ತಾರೆ. ನಿಮ್ಮ ಕೈ ಸ್ವಲ್ಪ ಸಡಿಲ ಇದ್ದು 10 ಸೆಂ.ಮೀಗೆ 18 ಕುಣಿಕೆ ಬಂತು ಅಂತಿಟ್ಟುಕೊಳ್ಳಿ, ಆಗ 116 ಕುಣಿಕೆಯ ಟೋಪಿ 64 ಸೆಂ.ಮೀ ದಾಟುತ್ತೆ. 57ರ ತಲೆಗೆ 64ರ ಟೋಪಿ! ಬರೀ ಎರಡು ಕುಣಿಕೆಯ ವ್ಯತ್ಯಾಸಕ್ಕೆ ಇಷ್ಟೆಲ್ಲ. ಅದಕ್ಕೇ ಮೊದಲು ಸ್ಯಾಂಪಲ್ ತುಂಡು ಹೆಣೆಯಿರಿ ಅಂತ ನಾನು ಬಡಕೊಳ್ಳುವುದು. ಸಮಯ ದಂಡ ಅಂತೀರಿ. ಇಡೀ ಟೋಪಿ ಬಿಚ್ಚುವುದು ದಂಡ ಅಲ್ವಾ?

ತುಂಡು 15 ಸೆಂ.ಮೀ ಅಗಲವಾದರೂ ಇರಲಿ, ಇಷ್ಟೇ ಉದ್ದವೂ ಇರಲಿ. ಅಂಚಿನ ಕುಣಿಕೆಗಳು ಸೊಟ್ಟಗಿರುತ್ತವೆ, ಅವನ್ನು ಅಳೆಯಬಾರದು. ಇನ್ನೊಂದು ಮುಖ್ಯ ವಿಷಯ: ಟೋಪಿಯನ್ನು ಸುತ್ತು ಹೆಣೆಯುವುದಾದರೆ ತುಂಡನ್ನೂ ಸೀದಾ ಸಾಲುಗಳಲ್ಲೇ ಹೆಣೆಯಬೇಕು. ಹಿಂದೆ ಮುಂದೆ ತಿರುಗಿಸಿ ಹೆಣೆದರೆ ಉಲ್ಟಾ ಸಾಲು ಬರುತ್ತೆ, ತುಂಬಾ ಜನರ ಕೈಯಲ್ಲಿ ಅದು ಸಡಿಲವಾಗುತ್ತೆ, ಅಳತೆಯೇ ಬೇರೆ ಆಗುತ್ತೆ. ಸರ್ಕ್ಯುಲರ್ ಕಡ್ಡಿಯಲ್ಲಿ (ಎರಡು ಕಡ್ಡಿಯ ನಡುವೆ ಬಾಗುವ ತಂತಿ ಇರುತ್ತಲ್ಲ, ಅದು) ಒಂದು ಸಾಲು ಹೆಣೆದು, ತಿರುಗಿಸದೆ ಕುಣಿಕೆಗಳನ್ನು ಮತ್ತೆ ಬಲತುದಿಗೆ ಜಾರಿಸಿ, ನೂಲನ್ನು ಹಿಂದಿನಿಂದ ಸಡಿಲವಾಗಿ ತಂದು ಮುಂದಿನ ಸಾಲು ಶುರು ಮಾಡಿ. ಹಿಂಭಾಗದಲ್ಲಿ ನೂಲು ಜೋತಾಡಿ ಅಸಹ್ಯವಾಗಿ ಕಾಣುತ್ತೆ, ಕಾಣಲಿ ಬಿಡಿ.

ಆಮೇಲೆ ಅದನ್ನು ಒಗೆಯಿರಿ. ಮಗ ಟೋಪಿಯನ್ನು ಹೇಗೆ ಒಗೆಯುತ್ತಾನೋ ಹಾಗೇ. ಮೆಷಿನ್‌ಗೆ ಹಾಕಬಹುದು ಅಂತ ಮಾರುವ ಸೂಪರ್‌ವಾಶ್ ಮೆರಿನೊ ಉಣ್ಣೆ ನೀರು ಕುಡಿದರೆ ಹಿಗ್ಗುತ್ತೆ. ಒಗೆಯದೆ ಅಳೆದ ಅಳತೆ ಅದಕ್ಕೆ ಉಪಯೋಗವಿಲ್ಲ. ಟವೆಲ್ ಮೇಲೆ ಚಪ್ಪಟೆ ಹರಡಿ ಪೂರ್ತಿ ಒಣಗಿಸಿ, ಎಳೆಯದೆ, ನಡುವಿನ 10 ಸೆಂ.ಮೀ ಒಳಗೆ ಎಷ್ಟು 'ವಿ' ಆಕಾರ ಇವೆ ಅಂತ ಎಣಿಸಿ. ಅರ್ಧ ಇದ್ದರೆ ಅರ್ಧವನ್ನೂ ಬರೆದುಕೊಳ್ಳಿ.

ಈಗ ಎರಡನೇ ತಪ್ಪು. ಟೋಪಿ ಹಿಗ್ಗಿ ತಲೆಯನ್ನು ಹಿಡಿದುಕೊಳ್ಳಬೇಕು. ಹಾಗಾಗಿ ತಲೆಯ ಅಳತೆಗಿಂತ ಸುಮಾರು ಶೇ. 10 ಕಡಿಮೆ ಇಡಿ. 57ಕ್ಕೆ 51 ಸೆಂ.ಮೀ. ನಿಮ್ಮ ಕೈಗೆ 18 ಕುಣಿಕೆ ಅಂದರೆ 92 ಬಂತು. ನೆತ್ತಿಯನ್ನು ಎಂಟು ಭಾಗ ಮಾಡುವುದು ಸುಲಭ, ಅದಕ್ಕೆ ಎಂಟರಿಂದ ಭಾಗವಾಗುವ ಸಂಖ್ಯೆ ಬೇಕು: 88 ಅಥವಾ 96. ನಾನಾದರೆ 88 ಹಿಡಿಯುತ್ತೇನೆ. ಉಲ್ಲನ್ ಹಾಕುತ್ತಾ ಹಾಕುತ್ತಾ ಸಡಿಲವಾಗುತ್ತೆ, ಬಿಗಿಯಾಗುವುದಿಲ್ಲ.

ಅಂಚು ಎರಡು ಸೀದಾ, ಎರಡು ಉಲ್ಟಾ. ಮೈಗೆ 5 ಮಿ.ಮೀ ಕಡ್ಡಿ ಆದರೆ ಅಂಚಿಗೆ 4.5 ತಗೊಳ್ಳಿ. ಕುಣಿಕೆ ಏರಿಸುವಾಗ ಮಾತ್ರ ಸಡಿಲವಾಗಿ ಏರಿಸಿ, ಇಲ್ಲದಿದ್ದರೆ ಹಣೆಯ ಮೇಲೆ ಗೆರೆ ಬೀಳುತ್ತೆ. ಕೆನಡಾ ಚಳಿಗೆ 12 ಸೆಂ.ಮೀ ಅಂಚು ಹೆಣೆದು ಅರ್ಧಕ್ಕೆ ಮಡಚಿ. ಸಾದಾ ಹೆಣಿಗೆಯ ಸಂದಿಯಲ್ಲಿ ಗಾಳಿ ನುಗ್ಗುತ್ತೆ, ಮಡಚಿದರೆ ಕಿವಿಯ ಮೇಲೆ ಎರಡು ಪದರ ಬರುತ್ತೆ. ಮಡಚಿದ ಅಂಚಿನಿಂದ ಮೇಲಕ್ಕೆ 16 ಸೆಂ.ಮೀ ಆದಾಗ ನೆತ್ತಿ ಶುರು. ಒಂಬತ್ತು ಸೀದಾ, ಎರಡು ಒಟ್ಟಿಗೆ, ಹೀಗೆ ಸುತ್ತೆಲ್ಲ. ಮುಂದಿನ ಸುತ್ತು ಸುಮ್ನೆ ಸೀದಾ. ಹಾಗೆ ಸುತ್ತು ಬಿಟ್ಟು ಸುತ್ತು ಎಂಟೆಂಟು ಕಡಿಮೆ ಮಾಡುತ್ತಾ 48ಕ್ಕೆ ಬನ್ನಿ. ಅಲ್ಲಿಂದ ಪ್ರತಿ ಸುತ್ತಿನಲ್ಲೂ ಕಡಿಮೆ ಮಾಡಿ. ಕೊನೆಗೆ ಉಳಿದ ಎಂಟು ಕುಣಿಕೆಯೊಳಗೆ ನೂಲು ಎರಡು ಸಲ ಹಾಯಿಸಿ ಎಳೆದು ಒಳಗಡೆ ಭದ್ರ ಮಾಡಿ. ಕಡಿಮೆ ಮಾಡುವ ಭಾಗ ಸುಮಾರು 6 ಸೆಂ.ಮೀ ಆಗುತ್ತೆ, ಒಟ್ಟು ಎತ್ತರ 22. ನೆತ್ತಿ ಚೂಪಾಗಿ ಗೋಪುರದ ಹಾಗೆ ನಿಲ್ಲುತ್ತೆ ಅಂತ ದೂರುವವರು ಕೊನೆಯವರೆಗೂ ಸುತ್ತು ಬಿಟ್ಟು ಸುತ್ತೇ ಕಡಿಮೆ ಮಾಡಿರುತ್ತಾರೆ.

ಜಡೆಯಂಥ ಕೇಬಲ್ ಡಿಸೈನ್ ಬೇಕು ಅಂದರೆ ಸ್ಯಾಂಪಲ್ ತುಂಡನ್ನೂ ಆ ಡಿಸೈನ್‌ನಲ್ಲೇ ಹೆಣೆಯಿರಿ. ಕೇಬಲ್ ಅಡ್ಡಕ್ಕೆ ಎಳೆದುಕೊಳ್ಳುತ್ತೆ, ಕುಣಿಕೆ ಜಾಸ್ತಿ ಬೇಕಾಗುತ್ತೆ.

ಪ್ರಶ್ನೆ: ದೇಹದ ಅರ್ಧ ಶಾಖ ತಲೆಯಿಂದಲೇ ಹೋಗುತ್ತಂತೆ, ಹೌದಾ?

ಇಲ್ಲ. ತಲೆ ಮೈಯ ಹತ್ತರಲ್ಲೊಂದು ಭಾಗ, ಹೆಚ್ಚುಕಡಿಮೆ ಅಷ್ಟೇ ಶಾಖ ಹೋಗುತ್ತೆ. ಟೋಪಿಯ ಜೊತೆ ಜಾಕೆಟ್ಟೂ ಹಾಕಿ.

ಪ್ರಶ್ನೆ: ಅಂಗಡಿಯವನು ಕ್ಯಾಶ್ಮಿಲಾನ್ ಕೊಟ್ಟು ಪ್ಯೂರ್ ಉಣ್ಣೆ ಅಂದ. ನಂಬಬಹುದಾ?

ಕ್ಯಾಶ್ಮಿಲಾನ್ ಅಕ್ರಿಲಿಕ್. ಅದು ಗೊತ್ತಿದ್ದೂ ಉಣ್ಣೆ ಅಂತ ಮಾರುವವರ ಮೇಲೆ ನನಗೆ ಸಿಟ್ಟು ಬರುತ್ತೆ. ಬೆರಳುದ್ದದ ನೂಲನ್ನು ಚಿಮಟದಲ್ಲಿ ಹಿಡಿದು, ಸಿಂಕ್ ಮೇಲೆ, ಬೆಂಕಿ ತೋರಿಸಿ. ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೆಂಕಿ ತೆಗೆದರೆ ಆರುತ್ತೆ, ಬೂದಿ ಪುಡಿಯಾಗುತ್ತೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತೆ. ಬೆಂಗಳೂರು, ಮಡಿಕೇರಿ ಚಳಿಗೆ ಅಕ್ರಿಲಿಕ್ ಸಾಕು. ಹಿಮದ ಊರಿಗೆ, ಚಾರಣಕ್ಕೆ ಉಣ್ಣೆಯೇ ಬೇಕು, ಯಾಕೆಂದರೆ ಬೆವರಿನ ತೇವವನ್ನು ಅದು ಎಳೆಯೊಳಗೇ ಹೀರಿಕೊಳ್ಳುತ್ತೆ, ಮುಟ್ಟಿದರೆ ಒದ್ದೆ ಅನಿಸುವುದಿಲ್ಲ.

ಪ್ರಶ್ನೆ: ಚಳ್ಳಕೆರೆ ಕಡೆಯ ಕಂಬಳಿ ಉಣ್ಣೆಯಲ್ಲಿ ಟೋಪಿ ಹೆಣೆಯಬಹುದಾ?

ನಮ್ಮ ದಖನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಅದಕ್ಕಿಂತ ಒಳ್ಳೆಯದು ಬೇಡ, ಆದರೆ ಹಣೆಗೆ ಚುಚ್ಚುತ್ತೆ. ಹೆಣೆಯಲೇಬೇಕು ಅಂದರೆ ಒಳಗೆ ಹತ್ತಿ ಬಟ್ಟೆಯ ಇಲ್ಲವೇ ಫ್ಲೀಸ್‌ನ ಪಟ್ಟಿ ಹೊಲಿಯಿರಿ.

ಪ್ರಶ್ನೆ: ತಾಮ್ರದ ಎಳೆ ಸೇರಿಸಿದ ಟೋಪಿ ಹಾಕಿದರೆ ಮೈಗ್ರೇನ್ ವಾಸಿಯಾಗುತ್ತಾ?

ಇಲ್ಲ. ದುಡ್ಡು ಉಳಿಸಿ, ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ: ಮೂರು ತಿಂಗಳ ಮೊಮ್ಮಗಳಿಗೆ ರಾತ್ರಿ ಮಲಗಿಸುವಾಗ ಹಾಕಲು ಉಲ್ಲನ್ ಕುಲಾವಿ ಹೇಗೆ ಹೆಣೆಯಲಿ?

ಮಲಗಿಸುವಾಗ ಹಾಕಲು ಹೆಣೆಯಲೇಬೇಡಿ. ಹಸುಗೂಸಿನ ಮೈಯ ಬಿಸಿ ತಲೆಯಿಂದಲೂ ಹೊರಗೆ ಹೋಗಬೇಕು. ಮೈ ಕಾವೇರಿದರೆ ನಿದ್ದೆಯಲ್ಲಿ ಅಪಾಯ, ಟೋಪಿ ಮೂಗಿನ ಮೇಲೆ ಜಾರಿದರೆ ಇನ್ನೂ ಅಪಾಯ. ಅಮೆರಿಕದ ಮಕ್ಕಳ ವೈದ್ಯರ ಸಂಘ 2022ರ ಸಲಹೆಯಲ್ಲೂ ಮನೆಯೊಳಗೆ ಮಗುವಿಗೆ ಟೋಪಿ ಬೇಡ ಅಂದಿದೆ. ಹುಟ್ಟಿದ ಮೊದಲ ಕೆಲವು ಗಂಟೆ ಮತ್ತು ಆಸ್ಪತ್ರೆಯ ತೀವ್ರ ನಿಗಾ ಘಟಕ ಮಾತ್ರ ಬೇರೆ. ಬೆಂಗಳೂರಿನ ಮನೆಯೊಳಗೆ ಸ್ವೆಟರ್, ಕುಲಾವಿ, ಮೇಲೊಂದು ಶಾಲು ಸುತ್ತಿ ಮಲಗಿಸುವುದನ್ನು ನೋಡಿದರೆ ನನಗೆ ಭಯವಾಗುತ್ತೆ. ಹೊರಗೆ ಕರೆದುಕೊಂಡು ಹೋಗುವಾಗ ಹಾಕಿ, ಮನೆಗೆ ಬಂದ ಕೂಡಲೇ ತೆಗೆಯಿರಿ. ಅದಕ್ಕೆ ಕಟ್ಟುವ ದಾರ, ಗುಂಡಿ, ಮಣಿ ಯಾವುದೂ ಬೇಡ.