ಫ್ರಿಜ್ ಮೇಲೆ ಉಳಿದ ಹನ್ನೊಂದು ಮಾತ್ರೆ

ಮದ್ದೂರು ಕಡೆಯ ಅಜ್ಜಿಯೊಬ್ಬರ ಪತ್ರ: "ಒಂದೂವರೆ ವರ್ಷದ ಮೊಮ್ಮಗನಿಗೆ ಭೇದಿ ಹತ್ಕೊಂಡಿತ್ತು. ಆಶಾ ಹುಡುಗಿ ಓಆರ್‌ಎಸ್ ಪ್ಯಾಕೆಟ್ಟು, 14 ಜಿಂಕ್ ಮಾತ್ರೆ ಕೊಟ್ಟೋದ್ಲು. ಮೂರೇ ದಿನಕ್ಕೆ ಭೇದಿ ನಿಂತೋಯ್ತು. ಮಿಕ್ಕ ಹನ್ನೊಂದು ಫ್ರಿಜ್ ಮೇಲಿದೆ, ಅದನ್ನೂ ಕೊಡ್ಬೇಕು ಅಂತಾಳೆ ಸೊಸೆ. ಕಾಯಿಲೆ ಇಲ್ದೆ ಮಾತ್ರೆ ಯಾಕೆ? ನಮ್ಮ ರಾಗಿ ಸರೀಲಿ ಇಲ್ದೇ ಇರೋದು ಅದ್ರಲ್ಲೇನಿದೆ?"

ಸಂಪಾದಕರ ಉತ್ತರ:

ಅಮ್ಮಾ, ರಾಗಿ ಬಗ್ಗೆ ಎರಡು ಮಾತಿಲ್ಲ. ರಾಗಿ ಲಕ್ಷ್ಮಣಯ್ಯನೋರು ಇಂಡಾಫ್ ಅನ್ನೋ ರಾಗಿ ತಳಿ ಕೊಟ್ಟ ಕೃಷಿ ಸಂಶೋಧನಾ ಕೇಂದ್ರ, ವಿ.ಸಿ. ಫಾರಂ, ನಿಮ್ಮ ಮಂಡ್ಯ ಜಿಲ್ಲೇಲೇ ಇದೆ, ನಾನು ಮೈಸೂರಲ್ಲಿ ಕೂತು ನಿಮಗೆ ರಾಗಿ ಪಾಠ ಹೇಳಿದ್ರೆ ನಗ್ತೀರ. ಸುಣ್ಣದಂಶ ಬೇಕಾದಷ್ಟಿದೆ, ಸರಿ. ಆದ್ರೆ ಕಾಳಲ್ಲಿ ಫೈಟೇಟ್ ಅಂತ ಒಂದಿರುತ್ತೆ, ಅದು ಜಿಂಕ್ ಅನ್ನೋ ಖನಿಜಾಂಶನ ಕಚ್ಕೊಂಡು ಮೈಗೆ ಸೇರೋಕೇ ಬಿಡಲ್ಲ. ನೀವು ಮೊಳಕೆ ಕಟ್ಟಿ, ಒಣಗ್ಸಿ, ಬೀಸಿ ಸರಿ ಮಾಡ್ತೀರಲ್ಲ, ಆಗ ಸ್ವಲ್ಪ ಸಡಿಲ ಆಗುತ್ತೆ, ಆ ಮಟ್ಟಿಗೆ ನೀವೇ ಗೆದ್ರಿ. ಪೂರ್ತಿ ಅಲ್ಲ.

1958ರಲ್ಲಿ ಬಿಹಾರದ ಆನಂದ ಪ್ರಸಾದ್ ಅನ್ನೋ ಡಾಕ್ಟ್ರು ಇರಾನಿನ ಶಿರಾಜ್‌ನಲ್ಲಿದ್ರು. ಅವರ ಹತ್ರ ಬಂದ ಒಬ್ಬನಿಗೆ 21 ವರ್ಷ, ನೋಡೋಕೆ ಹತ್ತು ವರ್ಷದ ಹುಡುಗ! ಬಹುಪಾಲು ಗೋಧಿ ರೊಟ್ಟಿ ತಿಂದೇ ಬೆಳೆದಿದ್ದ. ಹೊಟ್ಟೆ ತುಂಬಿತ್ತು, ಜಿಂಕ್ ಮಾತ್ರ ಸೇರಿರ್ಲಿಲ್ಲ. ಮನುಷ್ಯನಿಗೂ ಜಿಂಕ್ ಕೊರತೆ ಆಗುತ್ತೆ ಅನ್ನೋದು ಗೊತ್ತಾಗಿದ್ದೇ ಹೀಗೆ.

ಇನ್ನು ಭೇದಿ. ಪ್ರತಿ ಸಲ ಮಗುಗೆ ಭೇದಿ ಆದಾಗ್ಲೂ ನೀರಿನ ಜೊತೆ ಜಿಂಕೂ ಹೋಗುತ್ತೆ. ಭೇದಿ ನಿಂತಿದ್ದು ಅಂದ್ರೆ ನಲ್ಲಿ ನಿಲ್ಸಿದ ಹಾಗೆ, ಟ್ಯಾಂಕ್ ತುಂಬಿದ ಹಾಗಲ್ಲ. 2004ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತಾ ಇರೋದೂ ಇದೇ, ಆರು ತಿಂಗಳು ದಾಟಿದ ಮಗುಗೆ ದಿನಕ್ಕೆ 20 ಮಿ.ಗ್ರಾಂ, 10ರಿಂದ 14 ದಿನ, ನಮ್ಮಲ್ಲಿ 14. ಹಾಗೆ ಪೂರ್ತಿ ಕೊಟ್ರೆ ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿ ಬರೋದೂ ಕಮ್ಮಿ.

ನಮ್ಮನೇಲಿ ಇನ್ನೂ ಕೆಟ್ಟದಾಗಿತ್ತು. ತಮ್ಮನಿಗೆ ಭೇದಿ ಅಂದ ತಕ್ಷಣ ಅಜ್ಜಿ "ಲಂಘನಂ ಪರಮೌಷಧಂ" ಅಂತ ಎರಡು ದಿನ ಬರೀ ಗಂಜಿ ತಿಳಿ. ಅಡುಗೆಮನೆ ಹೊಸ್ತಿಲ ಮೇಲೆ ಕೂತು ಖಾಲಿ ಲೋಟ ನೆಕ್ತಿದ್ದ, ಅದು ಇವತ್ತಿಗೂ ಕಣ್ಮುಂದಿದೆ. ಭೇದಿ ಆಗ್ತಿರೋ ಮಗುಗೆ ಊಟ, ಎದೆಹಾಲು ಯಾವುದನ್ನೂ ನಿಲ್ಲಿಸ್ಬಾರ್ದು. ಹಲ್ಲು ಬರ್ತಿದೆ, ದೃಷ್ಟಿ ತಾಗಿದೆ ಅಂತ ಕಾಯ್ಲೂಬಾರ್ದು. ಓಆರ್‌ಎಸ್ಸನ್ನೂ ಸಣ್ಣ ಲೋಟಕ್ಕೆ ಒಂದೊಂದು ಚಿಟಿಕೆ ಹಾಕೋರಿದ್ದಾರೆ! ಒಂದು ಲೀಟರ್ ಪ್ಯಾಕೆಟ್ ಒಂದೇ ಸಲ ಒಂದು ಲೀಟರ್ ಕುಡಿಯೋ ನೀರಿಗೆ ಹಾಕ್ಬೇಕು, ಅವತ್ತಿನದು ಅವತ್ತೇ.

ನನಗೆ ಉರಿಯೋದು ಬೇರೆ ವಿಷ್ಯಕ್ಕೆ. ಟೀವೀಲಿ ಬರೋ ಬಣ್ಣದ ಡಬ್ಬಕ್ಕೆ ಐನೂರು ಕೊಡ್ತೀವಿ, ಪುಕ್ಕಟೆ ಬಂದ ಮಾತ್ರೆ ಅಂದ್ರೆ ಅನುಮಾನ. ಸಕ್ಕರೆ ನೀರಿನ ಡಬ್ಬಿ ಮೇಲೆ ಓಆರ್‌ಎಸ್ ಅಂತ ಬರ್ಕೊಂಡು ಮಾರ್ತಿದ್ರಲ್ಲ, ಸರ್ಕಾರ ಅದನ್ನ ಪೂರ್ತಿ ನಿಲ್ಸಿ ಅಂದಿದ್ದು 2025ರಲ್ಲಿ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಇದೇ ಓಆರ್‌ಎಸ್, ಅಂದ್ರೆ ಉಪ್ಪು ಸಕ್ಕರೆ ನೀರು ಕುಡಿಸಿ ಕಾಲರಾದಿಂದ ಜನರನ್ನ ಉಳಿಸಿದ ಡಾ. ದಿಲೀಪ್ ಮಹಾಲನಬಿಸ್‌ಗೆ ಪದ್ಮವಿಭೂಷಣ ಬಂದಿದ್ದು 2023ರಲ್ಲಿ, ಅವರು ತೀರ್ಕೊಂಡ ಮೇಲೆ. ಅಗ್ಗದ ಔಷಧಿಗೆ ನಮ್ಮಲ್ಲಿರೋ ಮರ್ಯಾದೆ ಇಷ್ಟು.

ಪತ್ರಿಕೆ ನಿಮ್ಮ ಕೈ ಸೇರೋ ಹೊತ್ತಿಗೆ ಹದಿನಾಲ್ಕು ದಿನ ಮುಗಿದೇ ಹೋಗಿರುತ್ತೆ ಅಂತ ಪತ್ರದಲ್ಲಿದ್ದ ನಂಬರಿಗೆ ನಾನೇ ಫೋನ್ ಹಚ್ಚಿದೆ. ಸೊಸೆ ಎತ್ತಿದ್ರು. "ಅತ್ತೆಗೆ ಗೊತ್ತಾಗ್ದಂಗೆ ದಿನಾ ಒಂದೊಂದು ಚಮಚದಲ್ಲಿ ಕರಗ್ಸಿ ಕೊಡ್ತಾನೇ ಇವ್ನಿ ಸಾರ್" ಅಂದ್ರು. ಈಗ ಗೊತ್ತಾಯ್ತಲ್ಲಮ್ಮ, ಬೈಬೇಡಿ.