ಬಲ್ಗೇರಿಯಾದ ಸಹೋದ್ಯೋಗಿ ಕೊಟ್ಟ ಕೆಂಪು ಎಣ್ಣೆ ಯಾವುದರದ್ದು? ಜೊತೆಗಿದ್ದ ಒಣ ಹೂವಿನ ಟೀ ಕುಡಿಯಬಹುದಾ?

ನಿಮ್ಮ ಸಹೋದ್ಯೋಗಿ ಕೊಟ್ಟ ಎಣ್ಣೆ, ಒಣ ಹೂವು ಎರಡೂ ಬಹುಶಃ ಒಂದೇ ಗಿಡದ್ದು. ಅಲ್ಲಿ ಅದನ್ನು 'ಜಲ್ತ್ ಕಂತರಿಯೊನ್' ಅಂತಾರೆ. ಜಲ್ತ್ ಅಂದರೆ ಹಳದಿ. ಇಂಗ್ಲಿಷ್ ಹೆಸರು ಸೇಂಟ್ ಜಾನ್ಸ್ ವರ್ಟ್. ನಾನು ಸೋಫಿಯಾದಲ್ಲಿ ಮೂರು ವರ್ಷ ಇದ್ದೆ, ಹಾಗಾಗಿ ಗೊತ್ತು.

ಹಳದಿ ಹೂವಿನ ಎಣ್ಣೆ ಕೆಂಪು ಹೇಗೆ ಅಂತ ನನಗೂ ಅನುಮಾನ ಇತ್ತು. ಒಂದು ದಿನ ವಿತೋಶಾ ಬೆಟ್ಟ ಹತ್ತುವಾಗ ಪಕ್ಕದ ಮನೆ ಅಜ್ಜಿ ಒಂದು ಮೊಗ್ಗು ಕಿತ್ತು ನನ್ನ ಕೈಲೇ ಹಿಸುಕಿಸಿದರು. (ಅವರ ಭಾಷೆಯಲ್ಲಿ ಅಜ್ಜಿಗೆ 'ಬಾಬಾ' ಅನ್ನಬೇಕು. ಕೊನೆವರೆಗೂ ನನಗೆ ನಗು ತಡೆಯೋಕಾಗಲಿಲ್ಲ.) ಬೆರಳೆಲ್ಲ ನೇರಳೆ ಹಣ್ಣು ತಿಂದ ಹಾಗೆ ಕಲೆ! ಆ ಬಣ್ಣ ಹೈಪರಿಸಿನ್ ಅನ್ನುವ ಅಂಶದ್ದು. ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಯಲ್ಲಿ ಚುಚ್ಚಿದಂತೆ ಚುಕ್ಕಿಗಳು ಕಾಣುತ್ತವೆ. ತೂತಲ್ಲ, ಎಣ್ಣೆ ತುಂಬಿದ ಗ್ರಂಥಿಗಳು.

ಜೂನ್ 24 ಅಲ್ಲಿ ಎನ್ಯೋವ್ದೆನ್ ಹಬ್ಬ. ಆ ದಿನ ಸೂರ್ಯ ಹುಟ್ಟುವ ಮೊದಲೇ ಕಿತ್ತ ಗಿಡಮೂಲಿಕೆಗೆ ಶಕ್ತಿ ಜಾಸ್ತಿ ಅಂತ ನಂಬಿಕೆ. ಅವರ ಲೆಕ್ಕದಲ್ಲಿ ರೋಗಗಳು ಒಟ್ಟು ಎಪ್ಪತ್ತೇಳೂವರೆಯಂತೆ! ಆ ಅರ್ಧ ರೋಗಕ್ಕೆ ಹೆಸರೇ ಇಲ್ಲ. ಕಂತರಿಯೊನ್ ಹೂ ಬಿಡೋದೂ ಆ ಹೊತ್ತಿಗೇ. ತಾಜಾ ಹೂವನ್ನು ಗಾಜಿನ ಬಾಟಲಿಗೆ ಹಾಕಿ, ಸೂರ್ಯಕಾಂತಿ ಎಣ್ಣೆಯೋ ಆಲಿವ್ ಎಣ್ಣೆಯೋ ಸುರಿದು, ಎರಡು ಮೂರು ವಾರ ಕಿಟಕಿಯ ಬಿಸಿಲಲ್ಲಿ ಇಡುತ್ತಾರೆ. ನಮ್ಮಲ್ಲಿ ಉಪ್ಪಿನಕಾಯಿ ಜಾಡಿ ಬಿಸಿಲಿಗಿಡ್ತೀವಲ್ಲ, ಹಾಗೆ. ಸುಟ್ಟ ಗಾಯ, ತರಚು, ಮೂಲವ್ಯಾಧಿಗೆ ಹಚ್ಚುತ್ತಾರೆ. ಹೊಟ್ಟೆಹುಣ್ಣಿಗೆ ಬೆಳಿಗ್ಗೆ ಒಂದು ಚಮಚ ಕುಡಿಯುವವರೂ ಇದ್ದಾರೆ. ಹೂವಿನ ಟೀ ಹೊಟ್ಟೆನೋವಿಗೆ, ಮನಸ್ಸಿನ ಕಳವಳಕ್ಕೆ, ಮಕ್ಕಳು ಹಾಸಿಗೆ ಒದ್ದೆ ಮಾಡೋದಕ್ಕೆ.

ಒಮ್ಮೆ ಒಗ್ಗರಣೆ ಸಿಡಿದು ನನ್ನ ಮುಂಗೈ ಸುಟ್ಟಿತ್ತು. ಮೊದಲು ನಲ್ಲಿ ನೀರು ಬಿಟ್ಟುಕೊಂಡೆ, ಮಾರನೇ ದಿನ ಅಜ್ಜಿಯ ಎಣ್ಣೆ ಹಚ್ಚಿದೆ. ವಾಸಿಯಾಯಿತು. ನೀರಿಂದಲೋ ಎಣ್ಣೆಯಿಂದಲೋ, ದೇವರಿಗೇ ಗೊತ್ತು. ಆಗಷ್ಟೇ ಸುಟ್ಟ ಗಾಯಕ್ಕೆ ಮಾತ್ರ ಯಾವ ಎಣ್ಣೆಯೂ ಬೇಡ. ಹಚ್ಚಿಕೊಂಡು ಬಿಸಿಲಿಗೂ ಹೋಗಬೇಡಿ. ಈ ಗಿಡ ಜಾಸ್ತಿ ಮೇಯ್ದ ದನ, ಕುರಿಗಳಿಗೆ ಬಿಸಿಲಲ್ಲಿ ಚರ್ಮ ಸುಟ್ಟಂತಾಗುತ್ತದೆ.

ಇನ್ನು ಟೀ. ಸುಮ್ನೆ ಹೂವಿನ ನೀರು ಅಲ್ವಾ ಅಂದುಕೊಳ್ಳಬೇಡಿ. ಖಿನ್ನತೆಗೆ ಈ ಗಿಡದ ಸಾರ ಕೆಲಸ ಮಾಡುತ್ತದೆ ಅಂತ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯ 2008ರ ವಿಮರ್ಶೆ 29 ಪ್ರಯೋಗಗಳನ್ನು ನೋಡಿ ಹೇಳಿದೆ. ಕೆಲಸ ಮಾಡುವ ಮದ್ದು ಬೇರೆ ಮದ್ದಿನ ಕೆಲಸ ಕೆಡಿಸಲೂಬಹುದು. ಇದು ಲಿವರ್ ಹಲವು ಔಷಧಗಳನ್ನು ಬೇಗ ಹೊರಹಾಕುವಂತೆ ಮಾಡುತ್ತದೆ. ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಕಿಡ್ನಿ ಕಸಿ ಆದವರ ಮಾತ್ರೆಗಳ ಬಲ ಕುಗ್ಗುತ್ತದೆ. ಖಿನ್ನತೆಯ ಮಾತ್ರೆ ಜೊತೆಗಂತೂ ಅಪಾಯ. ದಿನಾ ಯಾವುದಾದರೂ ಮಾತ್ರೆ ತಗೊಳ್ತಿದ್ದರೆ ಡಾಕ್ಟರನ್ನು ಕೇಳದೆ ಕುಡಿಯಬೇಡಿ.

ಅಂದಹಾಗೆ, ಪೊಟ್ಟಣದ ಹೂವು ಗುಲಾಬಿ ಬಣ್ಣದ್ದಾ ನೋಡಿ. ಆಗಿದ್ದರೆ ಅದು 'ಚೆರ್ವೆನ್ ಕಂತರಿಯೊನ್', ಬೇರೆಯೇ ಗಿಡ. ಹಸಿವಾಗಲಿ ಅಂತ ಕುಡಿಯುವ ಕಷಾಯ. ನಮ್ಮ ನೆಲಬೇವಿನ ಹಾಗೆ ಕಹಿ.